ಪಂಚಾಯಿತಿ ಲೈಬ್ರರಿಗೆ ಮನೆಮದ್ದು, ಆಯುರ್ವೇದದ ಪುಸ್ತಕ ತರಬೇಕು. ಯಾವುದು ತರಲಿ, ಯಾವುದು ಬೇಡ?

ಅರಿವಿನಮನೆ:

ನಮಸ್ಕಾರ ಎಲ್ಲರಿಗೂ. ನಾನು ಹಾವೇರಿ ಕಡೆ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಈಗ ಅರಿವು ಕೇಂದ್ರ ಅಂತ ಬೋರ್ಡು ಬದಲಾಗಿದೆ, ಕೆಲಸ ಅದೇ. ನಮ್ಮೂರಿನವರೊಬ್ಬರು ತಮ್ಮ ತಂದೆಯ ನೆನಪಿಗೆ ಆರೋಗ್ಯದ ಪುಸ್ತಕ ತರಿಸಿ ಅಂತ ₹10,000 ಕೊಟ್ಟಿದ್ದಾರೆ. ಅವರ ಆಸೆ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಯೋಗ, ಹೋಮಿಯೋಪತಿ, ರೇಖಿ (ಕೈಯಿಟ್ಟು ಗುಣ ಮಾಡುತ್ತೇವೆ ಅನ್ನುವ ಜಪಾನಿನ ಪದ್ಧತಿ) ಎಲ್ಲ ಇರಬೇಕು ಅಂತ.

ನಮ್ಮಲ್ಲಿ ಪೇಪರ್ ಬಿಟ್ಟರೆ ಜಾಸ್ತಿ ಓಡುವುದು ಎರಡೇ, ಪರೀಕ್ಷೆಯ ಗೈಡು ಮತ್ತು ಮನೆಮದ್ದಿನ ಪುಸ್ತಕ. ಮನೆಮದ್ದಿನ ಪುಸ್ತಕ ವಾಪಸ್ ಬಂದಾಗ ಪುಟದ ಮೂಲೆ ಮಡಚಿರುತ್ತದೆ, ಅರಿಶಿನದ ಕಲೆ ಇರುತ್ತದೆ. ಅಂದರೆ ಜನ ಸುಮ್ನೆ ಓದಿ ಬಿಡುತ್ತಿಲ್ಲ, ಮಾಡಿ ಕುಡಿಯುತ್ತಿದ್ದಾರೆ. ನನಗೆ ಭಯ ಅದೇ. ಕಳೆದ ವರ್ಷ ಒಬ್ಬ ಹಿರಿಯರು ಸಕ್ಕರೆ ಕಾಯಿಲೆಯನ್ನು ಬುಡಸಮೇತ ವಾಸಿ ಮಾಡುವ ಪುಸ್ತಕವೊಂದನ್ನು ಒಯ್ದರು. ಆಮೇಲೆ ಅವರ ಸೊಸೆ ಬಂದು, ಮಾವ ಮಾತ್ರೆ ಬಿಟ್ಟಿದ್ದಾರೆ, ಕಾಲಿನ ಗಾಯ ಮಾಯುತ್ತಿಲ್ಲ, ಆ ಪುಸ್ತಕ ಯಾಕೆ ಕೊಟ್ಟಿರಿ ಅಂತ ಕೇಳಿದರು. ಆ ಪುಸ್ತಕ ಈಗಲೂ ಕಪಾಟಿನಲ್ಲಿದೆ, ದಾಖಲೆಯಲ್ಲಿ ಇರುವುದನ್ನು ನಾನಾಗಿ ತೆಗೆಯುವ ಹಾಗಿಲ್ಲ.

ಪ್ರಕಾಶಕರ ಕ್ಯಾಟಲಾಗು ನೋಡಿದರೆ ಅರ್ಧಕ್ಕರ್ಧ ಇಂಥವೇ. ಬೇಡ ಅಂದರೆ ಜನ ಯೂಟ್ಯೂಬ್ ನೋಡುತ್ತಾರೆ, ಅದು ಇನ್ನೂ ಕಷ್ಟ. ಹಾಗಾಗಿ ಒಳ್ಳೆಯದನ್ನೇ ತರಬೇಕು. ಒಳ್ಳೆಯದು ಅಂತ ಗುರುತಿಸುವುದು ಹೇಗೆ?

ಚೂರ್ಣದಂಗಡಿ:

ಮೇಡಂ, ನಾನು ಆಯುರ್ವೇದದ ಡಿಗ್ರಿ ಬಿಎಎಂಎಸ್ ಮಾಡಿ ತಾಲ್ಲೂಕು ಊರೊಂದರಲ್ಲಿ ಕ್ಲಿನಿಕ್ ಇಟ್ಟುಕೊಂಡವನು, ಆಯುರ್ವೇದವೇ ನನ್ನ ಅನ್ನ. ಆದರೂ ಮೊದಲು ಹೇಳುವುದು, ಆ ಪುಸ್ತಕವನ್ನು ಓದುಗರ ಕೈಗೆ ಸಿಗದ ಹಾಗೆ ಬೀರುವಿನೊಳಗೆ ಇಡಿ. ದಾಖಲೆಯಲ್ಲಿ ಇರಲಿ, ಕಪಾಟಿನಲ್ಲಿ ಯಾಕೆ? ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಔಷಧಿಗೆ ಜಾಹೀರಾತು ಕೊಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ಅಪರಾಧ, ಅದರ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಡಬ್ಬಿಯ ಮೇಲೆ ಬರೆದರೆ ಕೇಸು ಬೀಳುವ ಮಾತನ್ನು ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಹಾಕಿ ಮಾರುತ್ತಾರೆ, ಕೇಳುವವರಿಲ್ಲ. ನಿಮಗೆ ಜರಡಿ ಬೇಕು ಅಂದರೆ ಆ ಪಟ್ಟಿಯನ್ನೇ ಇಟ್ಟುಕೊಳ್ಳಿ. ಅದರಲ್ಲಿರುವ ಕಾಯಿಲೆಯ ಹೆಸರು, ಪಕ್ಕದಲ್ಲಿ ಗುಣ ಆಗುವ ಭರವಸೆ, ಎರಡೂ ಒಂದೇ ಮುಖಪುಟದಲ್ಲಿ ಇದ್ದರೆ ಒಳಗೆ ತೆರೆದು ನೋಡುವ ಕೆಲಸವೇ ಇಲ್ಲ.

ಕೊಳ್ಳುವುದಾದರೆ ಆಯುರ್ವೇದದ ಹಳೆಯ ಗ್ರಂಥ, ವಾಗ್ಭಟನ ಅಷ್ಟಾಂಗಹೃದಯ ಕೊಳ್ಳಿ. ಪೂರ್ತಿ 120 ಅಧ್ಯಾಯ ಬೇಕಿಲ್ಲ, ಸೂತ್ರಸ್ಥಾನ ಅನ್ನುವ ಮೊದಲ ಭಾಗದ 30 ಸಾಕು. ಕನ್ನಡ ತಾತ್ಪರ್ಯ ಇರುವ ಆವೃತ್ತಿ ನೋಡಿ. ಎರಡನೆಯ ಅಧ್ಯಾಯ ದಿನಚರ್ಯೆ, ಮೂರನೆಯದು ಋತುಚರ್ಯೆ, ಅಂದರೆ ಕಾಲಕ್ಕೆ ತಕ್ಕ ನಡವಳಿಕೆ. ಗಟ್ಟಿಮುಟ್ಟಾದವನೂ ಚಳಿಗಾಲದಲ್ಲಿ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಬೇಸಿಗೆಯಲ್ಲಿ ಇನ್ನೂ ಕಡಿಮೆ, ಅನ್ನುವಂಥ ಮಾತುಗಳು ದಿನಚರ್ಯೆಯಲ್ಲಿ ಬರುತ್ತವೆ. ನಾಲ್ಕನೆಯದರಲ್ಲಿ ತಡೆದುಕೊಳ್ಳಬಾರದ 13 ವೇಗಗಳು, ಅಂದರೆ ದೇಹದ ಸಹಜ ಒತ್ತಡಗಳು: ಸೀನು, ಮೂತ್ರ, ಹಸಿವು, ನಿದ್ದೆ, ಕಣ್ಣೀರು ಇತ್ಯಾದಿ. ಶೌಚಾಲಯ ಇಲ್ಲದ ಬಸ್ ಸ್ಟಾಂಡಿನಲ್ಲಿ ಗಂಟೆಗಟ್ಟಲೆ ಕಟ್ಟಿಕೊಂಡು ಕೂರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಓದಿ ಹೇಳಿದರೆ ನಗುತ್ತಾರೆ, ಆದರೆ ಮಾತು ಸರಿಯಾಗೇ ಇದೆ ಅಲ್ವಾ? ಈ ಮೂರು ಅಧ್ಯಾಯಗಳಲ್ಲಿ ಯಾರ ಮಾತ್ರೆಯನ್ನೂ ಬಿಡಿಸುವುದಿಲ್ಲ. ಊಟ, ನಿದ್ದೆ, ಸ್ನಾನ, ಕಾಲಕ್ಕೆ ತಕ್ಕ ಹಾಗೆ ಇರುವುದು, ಅಷ್ಟೇ.

ಭಸ್ಮ, ರಸಶಾಸ್ತ್ರ (ಪಾದರಸ, ಲೋಹಗಳಿಂದ ಔಷಧಿ ಮಾಡುವುದು), ವಿಷಗಿಡ ಶುದ್ಧಿ ಮಾಡುವ ವಿಧಾನ ಇರುವ ಪುಸ್ತಕ ಲೈಬ್ರರಿಗೆ ಬೇಡವೇ ಬೇಡ. ಉಮ್ಮತ್ತಿ, ಗುಲಗಂಜಿ, ವತ್ಸನಾಭಿ, ಪಾದರಸ, ಇವೆಲ್ಲ ವಿಷವಸ್ತುಗಳ ಸರ್ಕಾರಿ ಪಟ್ಟಿಯಾದ ಶೆಡ್ಯೂಲ್ ಇ1ರಲ್ಲಿವೆ. ಇವು ಇರುವ ಔಷಧಿಯ ಲೇಬಲ್ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಿ ಅಂತ ಇರಲೇಬೇಕು. ಅಮೆರಿಕದಲ್ಲಿ ಇಂಟರ್ನೆಟ್ ಮೂಲಕ ಕೊಂಡ 193 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. 2008ರಲ್ಲಿ ಬಂದ ವರದಿ ಅದು. ಕಂಪನಿಗಳ ಕಥೆಯೇ ಹೀಗಿರುವಾಗ ಪುಸ್ತಕ ನೋಡಿಕೊಂಡು ಹಿತ್ತಲಲ್ಲಿ ಬೆರಣಿ ಉರಿಸಿ ಭಸ್ಮ ಮಾಡುವವರ ಕಥೆ ಏನು?

ಇನ್ನೊಂದು. ಆಯುರ್ವೇದದ ಇನ್ನೊಂದು ಹಳೆಯ ಗ್ರಂಥ ಚರಕ ಸಂಹಿತೆ, ಅದರ ಸೂತ್ರಸ್ಥಾನದ 29ನೇ ಅಧ್ಯಾಯ ಸಿಕ್ಕರೆ ಅದರ ಕೊನೆಯ ಭಾಗವನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿ. ಪ್ರಾಣ ಉಳಿಸುವ ವೈದ್ಯ, ರೋಗ ಬೆಳೆಸುವ ವೈದ್ಯ ಅಂತ ಎರಡು ಥರ ಮಾಡಿ ಎರಡನೆಯವನನ್ನು ಚರಕ ಜಾಡಿಸಿದ್ದಾನೆ. ಯಾರಿಗೋ ಹುಷಾರಿಲ್ಲ ಅಂತ ಕೇಳಿದ ಕೂಡಲೇ ಅಲ್ಲಿಗೆ ಓಡುತ್ತಾನೆ, ಕಿವಿಗೆ ಬೀಳುವ ಹಾಗೆ ತನ್ನ ಗುಣಗಾನ ತಾನೇ ಮಾಡಿಕೊಳ್ಳುತ್ತಾನೆ, ಈಗ ನೋಡುತ್ತಿರುವ ವೈದ್ಯನ ತಪ್ಪು ಎತ್ತಿ ಆಡುತ್ತಾನೆ, ಕೊನೆಗೆ ರೋಗ ಹೆಚ್ಚಾದರೆ ರೋಗಿಯೇ ಪಥ್ಯ ಮಾಡಲಿಲ್ಲ ಅನ್ನುತ್ತಾನೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಮಾತು. ಓದುವಾಗ ಫೋನಿನಲ್ಲಿ ದಿನಾ ಬರುವ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ.

ಕಡಲತಡಿ:

ಡಾಕ್ಟ್ರು ಹೇಳಿದ್ದು ಸರಿ. ನಾನು ಗಿಡಮೂಲಿಕೆ ಪುಸ್ತಕದ ಬಗ್ಗೆ ಮಾತ್ರ ಹೇಳುತ್ತೇನೆ. ಪ್ರತಿ ಗಿಡಕ್ಕೂ ಸ್ಪಷ್ಟ ಬಣ್ಣದ ಫೋಟೋ (ಎಲೆ, ಹೂವು, ಕಾಯಿ ಮೂರೂ ಬೇಕು), ಸಸ್ಯಶಾಸ್ತ್ರದ ಹೆಸರು, ನಮ್ಮ ಬೇರೆ ಬೇರೆ ಕಡೆಯ ಹೆಸರು ಇಲ್ಲದಿದ್ದರೆ ಆ ಪುಸ್ತಕ ಬೇಡ. ಬ್ರಾಹ್ಮಿ ಅಂತ ಬರೆದು ಬಿಟ್ಟರೆ ಒಬ್ಬರು ಒಂದೆಲಗ ತರುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ತರುತ್ತಾರೆ. ಅದರಲ್ಲಿ ಯಾರೂ ಸಾಯುವುದಿಲ್ಲ ಬಿಡಿ, ಚಟ್ನಿ ಆಗುತ್ತದೆ. ಆದರೆ ಎಲ್ಲ ಗಿಡವೂ ಹಾಗಲ್ಲ.

ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆ ದಿನ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇದೆ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆಯಬೇಕು. ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ಕುಡಿದು, ಮೇಲೆ ಮೆಂತೆ ಗಂಜಿ. ಕಹಿ ಅಂದರೆ ಕಹಿ. ನಾನೂ ಪ್ರತಿ ವರ್ಷ ಕುಡಿಯುತ್ತೇನೆ. ತೊಂದರೆ ಎಲ್ಲಿ ಅಂದರೆ, ಕತ್ತಲಲ್ಲಿ ಮರ ಗೊತ್ತಿಲ್ಲದವರು ಹೋಗಿ ಕಾಸರಕ ಅನ್ನುವ ಬೇರೆ ಮರದ ತೊಗಟೆ ಕೆತ್ತಿ ತರುವುದು. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್, ಮೈ ಸೆಟೆದು ಉಸಿರು ಕಟ್ಟುವ ವಿಷ. ಅದಕ್ಕೇ ಆಟಿ ಬಂತು ಅಂದರೆ ಪೇಪರಿನಲ್ಲಿ ಎಚ್ಚರಿಕೆ ಬರುತ್ತದೆ. ಮೊದಲು ಮರ ತೋರಿಸಲು ಅಜ್ಜನೋ ಮಾವನೋ ಜೊತೆಗೆ ಬರುತ್ತಿದ್ದರು. ಪುಸ್ತಕ ಹಾಗೆ ಜೊತೆಗೆ ಬರುವುದಿಲ್ಲ.

ಗಿಡಮೂಲಿಕೆಗೆ ಅಡ್ಡಪರಿಣಾಮವೇ ಇಲ್ಲ ಅಂತ ಮುನ್ನುಡಿಯಲ್ಲಿ ಇದ್ದರೆ ಆ ಪುಸ್ತಕವನ್ನು ಅಲ್ಲೇ ವಾಪಸ್ ಇಡಿ. ಈಶ್ವರಿ ಬಳ್ಳಿ ಗೊತ್ತಲ್ಲ, ಹಾವಿಗೆ ಮದ್ದು ಅಂತ ಹಿತ್ತಲಲ್ಲಿ ಹಬ್ಬಿಸುತ್ತಾರೆ. ಅರಿಸ್ಟೊಲೋಕಿಯಾ ಅದರ ಜಾತಿ. ಬೆಲ್ಜಿಯಂನಲ್ಲಿ 1990ರ ದಶಕದ ಶುರುವಿನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಅದೇ ಜಾತಿಯ ಚೀನೀ ಗಿಡ ಸೇರಿಕೊಂಡು ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು, ಕೆಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಆ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕ್ಯಾನ್ಸರ್ ತರುತ್ತದೆ ಅನ್ನುವುದು ಈಗ ಖಚಿತ. ಹಾವಿನ ವಿಷಕ್ಕಂತೂ ಆಸ್ಪತ್ರೆಯ ಆಂಟಿವೆನಮ್ ಒಂದೇ, ಬೇರು ಅರೆಯುತ್ತಾ ಕೂತರೆ ಹೊತ್ತು ಹೋಗುತ್ತದೆ.

ಗಿಡ ಗುರುತಿಸುವ ರುಚಿ ಹತ್ತಿಸಬೇಕು ಅಂದರೆ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ತರಿಸಿ. ಮದ್ದಿನ ಪುಸ್ತಕ ಅಲ್ಲ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ, ನಗು ಜಾಸ್ತಿ. ಆದರೆ ಅದನ್ನು ಓದಿದವರು ಎಲೆ ಕಿತ್ತು ಬಾಯಿಗೆ ಹಾಕುವ ಮೊದಲು ಒಂದು ಸಲ ತಿರುಗಿಸಿ ನೋಡುತ್ತಾರೆ.

ಪ್ರಕೃತಿಪುತ್ರ:

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ. ಮಾತ್ರೆ ತಿಂದು ಕಿಡ್ನಿ ಕಳೆದುಕೊಂಡವರು ಎಷ್ಟು ಜನ ಇಲ್ಲ? ನೋವಿನ ಮಾತ್ರೆಯನ್ನು ಕಡಲೆಪುರಿ ಥರ ತಿನ್ನುತ್ತಾರೆ, ಅದಕ್ಕೆ ಯಾರೂ ಬೋರ್ಡು ಹಾಕುವುದಿಲ್ಲ. ಮೇಡಂ, ಗಾಂಧೀಜಿಯವರ ಆರೋಗ್ಯದ ಪುಸ್ತಕ ತರಿಸಿ. 1942ರಲ್ಲಿ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಬರೆದದ್ದು, ಇಂಗ್ಲಿಷಿನಲ್ಲಿ ಕೀ ಟು ಹೆಲ್ತ್. ಸಣ್ಣ ಪುಸ್ತಕ, ಒಂದೇ ಕೂತಿನಲ್ಲಿ ಓದಿ ಮುಗಿಯುತ್ತದೆ. ಗಾಳಿ, ನೀರು, ಊಟ, ಚಹಾ, ಹೊಗೆಸೊಪ್ಪು, ಆಮೇಲೆ ಮಣ್ಣಿನ ಪಟ್ಟಿ, ಸೊಂಟದ ಸ್ನಾನ, ಬಿಸಿಲು. ಜರ್ಮನಿಯ ಪ್ರಕೃತಿ ಚಿಕಿತ್ಸಕರಾದ ಲೂಯಿ ಕೂನೆ, ಅಡಾಲ್ಫ್ ಜಸ್ಟ್ ಅವರನ್ನು ಓದಿ, ತಮ್ಮ ಮೇಲೆ ಮಾಡಿ ನೋಡಿ ಬರೆದಿದ್ದಾರೆ. 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಬಡವರಿಗೆ ಪ್ರಕೃತಿ ಚಿಕಿತ್ಸೆ ಶುರು ಮಾಡಿದ್ದೂ ಅವರೇ. ಇದಕ್ಕೂ ಜರಡಿ ಹಿಡಿಯುತ್ತೀರಾ?

ವಾರ್ಡ್_ನಂ_ಮೂರು:

ಹಿಡಿಯುವುದಿಲ್ಲ, ಆ ಪುಸ್ತಕ ನನಗೂ ಇಷ್ಟ. ನೋವಿನ ಮಾತ್ರೆಯ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದೇ ಗಾಂಧೀಜಿಗೆ 1924ರ ಜನವರಿಯಲ್ಲಿ ಯರವಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಯಿತು. ಮಣ್ಣಿನ ಪಟ್ಟಿ ಹಾಕಿಕೊಂಡು ಕೂರಲಿಲ್ಲ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಸರ್ಜನ್ ಕರ್ನಲ್ ಮ್ಯಾಡಕ್ ಆಪರೇಶನ್ ಮಾಡಿದರು, ನಡುವೆ ಕರೆಂಟು ಹೋಗಿ ಲಾಟೀನು ಬೆಳಕಿನಲ್ಲಿ ಮುಗಿಸಿದರು. ಪುಸ್ತಕ ಕೊಡುವಾಗ ಮೇಡಂ ಈ ಕಥೆಯನ್ನೂ ಬಾಯಿಮಾತಿನಲ್ಲಿ ಹೇಳಿದರೆ ಆಯಿತು.

ನಾನು ನರ್ಸ್, ಲಿವರ್ ರೋಗಿಗಳನ್ನು ದಿನಾ ನೋಡುತ್ತೇನೆ. ನಮ್ಮ ಕಡೆ ಕಾಮಾಲೆ ಅಂದರೆ ಮೊದಲು ನಾಟಿ ಮದ್ದು. ಅದು ಯಾಕೆ ಇಷ್ಟು ಹೆಸರು ಮಾಡಿದೆ ಅನ್ನುವುದು ಅರ್ಥ ಆದರೆ ಅರ್ಧ ಪುಸ್ತಕಗಳ ಗುಟ್ಟು ಅರ್ಥ ಆದ ಹಾಗೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕ ಜನರಿಗೆ ಕೆಲವು ವಾರಗಳಲ್ಲಿ ತಾನಾಗೇ ಹೋಗುತ್ತದೆ. ಆ ದಿನಗಳಲ್ಲಿ ಸೊಪ್ಪಿನ ರಸ ಕುಡಿದರೆ ರಸಕ್ಕೆ ಹೆಸರು, ಕೈಗೆ ದಾರ ಕಟ್ಟಿಸಿಕೊಂಡರೆ ದಾರಕ್ಕೆ ಹೆಸರು. ಆದರೆ ಕಲ್ಲಿನಿಂದ ಪಿತ್ತನಾಳ ಕಟ್ಟಿ ಬಂದ ಕಾಮಾಲೆಯೂ ಕಣ್ಣಿಗೆ ಅದೇ ಹಳದಿ. ಅದು ಯಾವ ಸೊಪ್ಪಿಗೂ ಬಗ್ಗುವುದಿಲ್ಲ, ನಮ್ಮ ಹತ್ತಿರ ಬರುವ ಹೊತ್ತಿಗೆ ತಡವಾಗಿರುತ್ತದೆ.

ಕಾಮಾಲೆಗೆ ಕೊಡುವ ನೆಲನೆಲ್ಲಿ ಸೊಪ್ಪನ್ನು ವಿಜ್ಞಾನಿಗಳು ಕಡೆಗಣಿಸಿದರು ಅಂತ ಬರೆಯುತ್ತಾರಲ್ಲ, ಅದು ಸುಳ್ಳು. ಹೆಪಟೈಟಿಸ್ ಬಿ ವೈರಸ್ ಪತ್ತೆಗೆ 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೇ ಮದ್ರಾಸಿನ ಸಂಶೋಧಕರ ಜೊತೆ ಸೇರಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. 1988ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು, ಅರ್ಧಕ್ಕಿಂತ ಜಾಸ್ತಿ ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಗಿತ್ತು. ಎಲ್ಲರಿಗೂ ಖುಷಿ. ಆಮೇಲೆ ಬೇರೆ ಕಡೆ ಮಾಡಿದಾಗ ಆ ಫಲಿತಾಂಶ ಮತ್ತೆ ಬರಲಿಲ್ಲ. ಪುಸ್ತಕ ಬರೆಯುವವರು ಮೊದಲ ಅರ್ಧ ಬರೆದು ಎರಡನೆಯದನ್ನು ನುಂಗುತ್ತಾರೆ. ಎರಡೂ ಬರೆದವರು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ.

ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ಬರೆದರು, ಆಮೇಲೆ ದೇಶದ ಬೇರೆ ಆಸ್ಪತ್ರೆಗಳಿಂದಲೂ ವರದಿ ಬಂತು. ಅದು ಅಮೃತಬಳ್ಳಿಯೇ ಅಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ಇರಲಿ, ಕುಡಿಯುವವನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಸೋರೆಕಾಯಿ ರಸವೂ ಅಷ್ಟೇ. ಕಹಿ ಇದ್ದರೆ ಅದರಲ್ಲಿ ಕುಕರ್ಬಿಟಾಸಿನ್ ಅನ್ನುವ ವಿಷ ಇದೆ ಅಂತ ಅರ್ಥ. 2010ರಲ್ಲಿ ದೆಹಲಿಯಲ್ಲಿ ಒಬ್ಬರು ಅದನ್ನು ಕುಡಿದು ತೀರಿಕೊಂಡ ಮೇಲೆ, ಕಹಿ ಇದ್ದರೆ ಕುಡಿಯಲೇಬಾರದು ಅಂತ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಸಮಿತಿ ಹೇಳಿತು. ಕಹಿ ಇದ್ದಷ್ಟೂ ಒಳ್ಳೆಯದು ಅಂತ ಬರೆದ ಪುಸ್ತಕ ನಾನೇ ಕಣ್ಣಾರೆ ನೋಡಿದ್ದೇನೆ.

ನನ್ನ ಕಡೆಯಿಂದ ಒಂದೇ ಪುಸ್ತಕ, ಡೇವಿಡ್ ವರ್ನರ್ ಅವರ ವೇರ್ ದೇರ್ ಈಸ್ ನೋ ಡಾಕ್ಟರ್. ಮೆಕ್ಸಿಕೋದ ಬೆಟ್ಟದ ಹಳ್ಳಿಗಳಿಗಾಗಿ ಬರೆದದ್ದು. ಮೊದಲ ಅಧ್ಯಾಯವೇ ಮನೆಮದ್ದು ಮತ್ತು ಜನರ ನಂಬಿಕೆ. ಬೈಯುವುದಿಲ್ಲ, ಹೊಗಳುವುದೂ ಇಲ್ಲ, ಯಾವುದು ಕೆಲಸ ಮಾಡುತ್ತದೆ ಅಂತ ಹಳ್ಳಿಯವರೇ ಯೋಚಿಸುವುದು ಹೇಗೆ ಅಂತ ಹೇಳಿಕೊಡುತ್ತದೆ. ಒಂದೇ ಕಾಯಿಲೆಗೆ ಮದ್ದುಗಳು ಹೆಚ್ಚಿದಷ್ಟೂ ಅವುಗಳಲ್ಲಿ ಯಾವುದೂ ಕೆಲಸ ಮಾಡುವ ಸಾಧ್ಯತೆ ಕಡಿಮೆ ಅನ್ನುತ್ತಾರೆ. ನರುಳ್ಳೆಗೆ ನಿಮ್ಮ ಊರಲ್ಲಿ ಎಷ್ಟು ಮದ್ದಿದೆ ಅಂತ ಕೇಳಿ ನೋಡಿ! ಭೇದಿಗೆ ಸಕ್ಕರೆ ಉಪ್ಪಿನ ನೀರು, ಅಂದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಲೆಕ್ಕದಲ್ಲಿ. ಇಂಥದ್ದು ನಿಜವಾದ ಮನೆಮದ್ದು. ಅಷ್ಟಾದರೂ ಪ್ರತಿ ಮನೆಗೆ ಗೊತ್ತಿರಬೇಕು.

ತಾಳೆಗರಿ:

ಇಲ್ಲಿ ಎಲ್ಲರೂ ಕುಡಿಯುವ ಪುಸ್ತಕದ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಓದುವ ಪುಸ್ತಕದ ಬಗ್ಗೆ ಹೇಳುತ್ತೇನೆ. ಕನ್ನಡದಲ್ಲಿ ವೈದ್ಯದ ಪುಸ್ತಕ ಸಾವಿರ ವರ್ಷದಿಂದ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಜ್ಯೋತಿಷ್ಯ, ಬಾವಿ ತೋಡಲು ನೀರು ಹುಡುಕುವುದು, ಮರಗಿಡದ ಆರೈಕೆ, ಅಡುಗೆ, ಮನುಷ್ಯರ ವೈದ್ಯ, ದನಕರುಗಳ ವೈದ್ಯ, ವಿಷವೈದ್ಯ ಎಲ್ಲ ಇದೆ. ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ, ಅದರಲ್ಲಿ ಮದ್ದು ಎಷ್ಟೋ ಮಂತ್ರವೂ ಅಷ್ಟೇ. ಹನ್ನೆರಡನೇ ಶತಮಾನದ ಜಗದ್ದಳ ಸೋಮನಾಥನ ಕರ್ನಾಟಕ ಕಲ್ಯಾಣಕಾರಕ ಪೂಜ್ಯಪಾದರ ಗ್ರಂಥದ ಕನ್ನಡ ರೂಪ. ಜೈನರ ವೈದ್ಯ, ಹಾಗಾಗಿ ಮದ್ಯ, ಮಾಂಸ, ಜೇನು ಮೂರೂ ಇಲ್ಲ. ಜೇನಿಲ್ಲದೆ ಔಷಧ ಕೊಡುವುದು ಎಷ್ಟು ಕಷ್ಟ ಅಂತ ಚೂರ್ಣದಂಗಡಿಯವರನ್ನೇ ಕೇಳಿ. ಆಮೇಲೆ ವಿಜಯನಗರದ ಕಾಲದ ಮಂಗರಾಜನ ಖಗೇಂದ್ರಮಣಿದರ್ಪಣ, ಪೂರ್ತಿ ವಿಷವೈದ್ಯ, ಅದೂ ಪದ್ಯದಲ್ಲಿ.

ಇವುಗಳಲ್ಲಿ ಸಿಕ್ಕಷ್ಟು ತರಿಸಿ, ಸಾಹಿತ್ಯದ ಕಪಾಟಿನಲ್ಲಿ ಇಡಿ. ಆರೋಗ್ಯದ ಕಪಾಟಿನಲ್ಲಿ ಬೇಡ. ಹಳಗನ್ನಡ ಓದಿ ಯಾರೂ ಕಷಾಯ ಕಾಯಿಸುವುದಿಲ್ಲ ಅನ್ನುವ ಧೈರ್ಯ ನನಗಿದೆ.

ಹಳೆಯ ಪುಸ್ತಕ ಅಂದರೆ ಬರೀ ನಂಬಿಕೆ ಅಂತಲೂ ಅಲ್ಲ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುವಾಗ ಒಂದು ಗಿಡದ ಸಾರ ಎಷ್ಟು ಸಲ ತೆಗೆದರೂ ಕೆಲಸ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಬರೆದ ಪುಸ್ತಕದಲ್ಲಿ ಆ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತಿತ್ತು, ಕುದಿಸುವ ಮಾತೇ ಇಲ್ಲ. ಬಿಸಿಯಿಂದ ಗುಣ ಹಾಳಾಗುತ್ತಿರಬಹುದು ಅಂತ ಹೊಳೆದು ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಆರ್ಟೆಮಿಸಿನಿನ್ ಅನ್ನುವ ಮಲೇರಿಯಾ ಔಷಧಿ ಬಂತು, 2015ರಲ್ಲಿ ನೊಬೆಲ್ ಬಂತು. ಒಂದು ಸಾಲು ಓದಿ ಸಿಕ್ಕ ಸುಳಿವು ಅದು. ಆದರೆ ಆ ಸಾಲನ್ನೇ ಜನರಿಗೆ ಕುಡಿಸಿ ಕೈ ತೊಳೆದುಕೊಳ್ಳಲಿಲ್ಲ, ಇಲಿ, ಕೋತಿ, ಆಮೇಲೆ ತಮ್ಮ ಮೇಲೆ, ಆಮೇಲೆ ರೋಗಿಗಳ ಮೇಲೆ ನೋಡಿದರು.

ಚೂರ್ಣದಂಗಡಿ:

ಜೇನಿನ ವಿಷಯ ನಿಜ, ನಾಳೆಯಿಂದ ಜೇನು ಬೇಡ ಅಂದರೆ ನನ್ನ ಅಂಗಡಿ ಅರ್ಧ ಮುಚ್ಚಬೇಕು. ನಮ್ಮಲ್ಲೂ ತು ಯೂಯೂ ಥರದ ಕಥೆ ಇದೆ, ಸರ್ಪಗಂಧ. ಮುಂಬೈನ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬಿಪಿ ರೋಗಿಗಳಿಗೆ ಕೊಟ್ಟು ಲೆಕ್ಕ ಇಟ್ಟು ಬರೆದರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ಬಿಪಿ ಇಳಿಸುವ ರೆಸರ್ಪಿನ್ ಬೇರ್ಪಡಿಸಿದರು. ಮನೆಯಲ್ಲಿ ಬೇರು ಅರೆದು ಕುಡಿಯಬೇಡಿ, ಮನಸ್ಸು ಕುಗ್ಗಿಸುತ್ತದೆ.

ಅರಿವಿನಮನೆ:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅಷ್ಟಾಂಗಹೃದಯ, ಗಾಂಧೀಜಿ, ಹಸುರು ಹೊನ್ನು, ಲೋಕೋಪಕಾರ ಬರೆದುಕೊಂಡೆ. ವರ್ನರ್ ಪುಸ್ತಕ ಇಂಗ್ಲಿಷಿನದೇ ಸಿಕ್ಕರೂ ತರಿಸಿ ಆಶಾ ಅಕ್ಕಂದಿರ ಜೊತೆ ಕೂತು ಓದುತ್ತೇನೆ, ಚಿತ್ರ ಇದೆಯಂತಲ್ಲ. ಆ ಸಕ್ಕರೆ ಕಾಯಿಲೆ ಪುಸ್ತಕ ಬೀರುವಿಗೆ ಹೋಯಿತು. ಇನ್ನು ಹೋಮಿಯೋಪತಿ, ರೇಖಿ ಉಳಿಯಿತು. ದುಡ್ಡು ಕೊಟ್ಟವರು ಹೋಮಿಯೋಪತಿ ಪುಸ್ತಕ ಬೇಕೇ ಬೇಕು ಅಂತ ಫೋನ್ ಮಾಡಿದ್ದರು. ಏನು ಹೇಳಲಿ?

ವಾರ್ಡ್_ನಂ_ಮೂರು:

ಹಾನೆಮನ್ ಬರೆದ ಆರ್ಗನಾನ್ ಒಂದು ತರಿಸಿ. 1810ರ ಪುಸ್ತಕ, ಹೋಮಿಯೋಪತಿಯ ಮೂಲವೇ ಅದು, ಕೇಳಿದವರಿಗೆ ಸಮಾಧಾನ ಆಗುತ್ತದೆ. ಆ ಕಾಲದಲ್ಲಿ ಡಾಕ್ಟರರು ರಕ್ತ ಬಸಿದು, ಪಾದರಸ ಕುಡಿಸಿ ರೋಗಿಯನ್ನು ಹೈರಾಣು ಮಾಡುತ್ತಿದ್ದರು. ಏನೂ ಮಾಡದೆ ಸಿಹಿಗುಳಿಗೆ ಕೊಟ್ಟವನೇ ಮೇಲು ಅನ್ನಿಸಿದ್ದರೆ ಆಶ್ಚರ್ಯ ಇಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಮಂಡಳಿ 2015ರಲ್ಲಿ ಎಲ್ಲ ಅಧ್ಯಯನ ಗುಡ್ಡೆ ಹಾಕಿ ನೋಡಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಅನ್ನಲು ನಂಬುವಂಥ ಪುರಾವೆ ಇಲ್ಲ ಅಂದಿತು. ಹಾಗಾಗಿ ಯಾವ ರೋಗಕ್ಕೆ ಯಾವ ಗುಳಿಗೆ ಅನ್ನುವ ಕೈಪಿಡಿ ಬೇಡ. ರೇಖಿಗೆ ದುಡ್ಡು ಹಾಕಬೇಡಿ. ಉಳಿದ ದುಡ್ಡಲ್ಲಿ ಒಂದು ಬಿಪಿ ಮಿಷನ್ ಬರುತ್ತದೆ, ದಾನ ಕೊಟ್ಟವರ ತಂದೆಯ ಹೆಸರು ಅದರ ಮೇಲೂ ಬರೆಸಬಹುದು.

ಕಡಲತಡಿ:

ಬಿಪಿ ಮಿಷನ್ ಒಳ್ಳೆ ಐಡಿಯಾ. ನಿಮ್ಮೂರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಅವರನ್ನು ತಿಂಗಳಿಗೊಮ್ಮೆ ಲೈಬ್ರರಿಗೆ ಕರೆಸಿ. ಮನೆಮದ್ದಿನ ಪುಸ್ತಕ ಒಯ್ದವರು ಅವತ್ತು ಬಂದು ಏನು ಮಾಡಿದೆವು ಅಂತ ಹೇಳಲಿ. ಮಾತ್ರೆ ಬಿಟ್ಟವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಪ್ರಕೃತಿಪುತ್ರ:

ಸರಿ, ಸೋತೆ ಅಂದುಕೊಳ್ಳಬೇಡಿ, ನೋವಿನ ಮಾತ್ರೆ ಬಗ್ಗೆಯೂ ಒಂದು ಬೋರ್ಡು ಹಾಕಿಸಿ ಮೇಡಂ. ಗಾಂಧೀಜಿ ಪುಸ್ತಕ ಎರಡು ಪ್ರತಿ ತರಿಸಿ, ಬೆಲೆ ಕಡಿಮೆ. ಒಂದು ಹೇಗೂ ಯಾರೋ ಒಯ್ದು ವಾಪಸ್ ಕೊಡುವುದಿಲ್ಲ.